ನೀಲಗಂಗಾ ಖಾನಾವಳಿಯ ಸುಳ್ಳು ಚೀಟಿ

ಡೊಂಬಿವ್ಲಿಯ ನೀಲಗಂಗಾ ಖಾನಾವಳಿಯ ಗಲ್ಲಾದ ಮೇಲೆ ಒಬ್ಬ ಮನುಷ್ಯ ಊಟದ ಡಬ್ಬಿ ಕುಕ್ಕಿದ. ಉಣ್ಣುತ್ತಿದ್ದವರ ಕೈಗಳು ನಿಂತವು. ಡಬ್ಬಿಯ ಎಣಗಾಯಿ ಪಲ್ಯ ಹಳಸಿ ನಾರುತ್ತಿತ್ತು. ಕೋಪರಖೈರಣೆಯಿಂದ ಬಂದವನು. ನಿನ್ನೆ ಇದನ್ನುಂಡ ತಾಯಿ ಆಸ್ಪತ್ರೆಯಲ್ಲಿದ್ದಾಳೆ ಎಂದ.

ಖಾನಾವಳಿಯ ಒಡತಿ ನೀಲಗಂಗಾ ಡಬ್ಬಿಯ ರೊಟ್ಟಿಯ ಚೂರು ಮುರಿದು ನೋಡಿದಳು.

"ರೊಟ್ಟಿ ನಂದ ಐತಿ. ಎಣಗಾಯಿ ನಂದಲ್ಲ."

ಮೂಲೆಯಲ್ಲಿ ಉಣ್ಣುತ್ತಿದ್ದ ಜ್ಯೋತ್ಸ್ನಾ ತಲೆಯೆತ್ತಿದಳು. ಠಾಕುರ್ಲಿಯವಳು. ವೆಬ್‌ಸೈಟುಗಳು ಸರ್ಚ್‌ನಲ್ಲಿ ಮೇಲೆ ಕಾಣುವಂತೆ ಮಾಡುವುದು ಅವಳ ಕೆಲಸ. ಯಾವ ನಂಬರಿಗೆ ಆರ್ಡರ್ ಕೊಟ್ಟಿರಿ ಎಂದು ಕೇಳಿದಳು. ಸರ್ಚ್ ಮಾಡಿದಾಗ ಕಂಡ ನಂಬರನ್ನು ಅವನು ತೋರಿಸಿದ. ಅದು ನೀಲಗಂಗಾಳದ್ದಲ್ಲ.

ಕೆಟ್ಟ ಸುದ್ದಿಗೆ ಕಾಲು ನಾಲ್ಕು. ಒಂದು ತಾಸಿನೊಳಗೆ, ದಿನವೂ ಇಲ್ಲಿಂದ ಊಟ ತರಿಸುವ ರಬಾಳೆಯ ಕಾರ್ಖಾನೆಯಿಂದ ಫೋನ್ ಬಂತು. ಆ ಊಟ ನಿಮ್ಮದಲ್ಲವೆಂದು ಸಂಜೆಯೊಳಗೆ ತೋರಿಸಿ, ಇಲ್ಲದಿದ್ದರೆ ನಾಳೆಯಿಂದ ಅರವತ್ತು ಡಬ್ಬಿ ಬೇಡ ಎಂದರು. ಹನ್ನೆರಡು ವರ್ಷ ಒಲೆಯ ಮುಂದೆ ಬೆಂದು ಗಳಿಸಿದ ಹೆಸರು. ನೀಲಗಂಗಾ ಅಳಲಿಲ್ಲ. ಶಿವನ ಪಟದ ಕಡೆ ಒಮ್ಮೆ ನೋಡಿ ಜ್ಯೋತ್ಸ್ನಾಳ ಪಕ್ಕ ಬಂದು ಕೂತಳು.

* * *

ಜ್ಯೋತ್ಸ್ನಾ ಖಾನಾವಳಿಯ ವೆಬ್‌ಸೈಟ್ ತೆರೆದಳು. ಪುಟದ ಮೇಲೆ ಸರಿಯಾದ ನಂಬರೇ ಇತ್ತು. ಪುಟದ ಹಿಂದಿನ ಕೋಡ್ ಬರಹ ತೆರೆದು ನೋಡಿದಳು. ಅವಳ ಮುಖ ಕೆಂಪೇರಿತು.

"ವಾಶಿ ಮಾರ್ಕೆಟಲ್ಲಿ ಮೂಟೆ ಬಾಯಿಗೆ ಚೀಟಿ ಕಟ್ಟಿರ್ತಾರಲ್ಲ ನೀಲಕ್ಕ, ಪುಟದ ಹಿಂದೆ ಅಂಥದ್ದೇ ಒಂದು ಇರ್ತದೆ. ಹೆಸರು, ನಂಬರು, ತೆರೆಯುವ ಹೊತ್ತು. ಜನರಿಗೆ ಅದು ಕಾಣುದಿಲ್ಲ. ಸರ್ಚ್ ಓದುದು ಅದನ್ನೇ. ಯಾರೋ ಚೀಟಿ ಬದಲಿಸಿದ್ದಾರೆ."

ಹುಡುಕುವವರಿಗೆ ನಿಜ ಸಿಗಲೆಂದು ಕಟ್ಟುವ ಚೀಟಿ. ದೇವರ ದೀಪದಿಂದಲೇ ಮನೆಗೆ ಬೆಂಕಿ ಇಟ್ಟಂತಾಗಿತ್ತು.

ಮೊದಲ ಅನುಮಾನ ಎದುರಿನ ಹೋಟೆಲಿನ ತಾರಾನಾಥರ ಮೇಲೆ. ಹೋದ ತಿಂಗಳಷ್ಟೇ ಬೋರ್ಡಿನ ವಿಷಯಕ್ಕೆ ನೀಲಗಂಗಾಳ ಜೊತೆ ಜಗಳವಾಡಿದ್ದರು.

"ಜಗಳ ಆದ್ರೆ ಎದುರೇ ಮಾಡ್ತೇನೆ ಮಾರಾಯ್ತಿ," ಎಂದರು ಅವರು. "ಒಂದು ಫೋಟೋ ಕಳಿಸ್ಲಿಕ್ಕೇ ನನಗೆ ಮಗಳು ಬೇಕು."

ಎರಡನೆಯ ಅನುಮಾನ ವೆಬ್‌ಸೈಟ್ ಕಟ್ಟಿದ, ಠಾಣೆ ಊರಿನ ಮನೀಶನ ಮೇಲೆ. ಪಾಸ್‌ವರ್ಡ್ ನನ್ನ ಹತ್ತಿರವಿದೆ, ನಿಮ್ಮ ಡಬ್ಬಿ ಒಯ್ಯುವ ರಾಜಶೇಖರನಿಗೂ ಕೊಟ್ಟಿದ್ದೇನೆ ಎಂದು ಫೋನಿನಲ್ಲಿ ಹೇಳಿದ. ಕೇಳುವ ಮೊದಲೇ ಹಳೆಯ ಚೀಟಿಯ ಪ್ರತಿ ಕಳಿಸಿದ. ಜ್ಯೋತ್ಸ್ನಾ ಎರಡನ್ನೂ ಪಕ್ಕಪಕ್ಕ ಇಟ್ಟಳು. ಬದಲಾಗಿದ್ದು ಎರಡೇ. ಒಂದು ನಂಬರು. ಇನ್ನೊಂದು, ಸೋಮವಾರ ತೆರೆಯುವ ಹೊತ್ತು. ಹನ್ನೊಂದು ಹೋಗಿ ಒಂದು ಗಂಟೆಯಾಗಿತ್ತು.

"ಸೋಮವಾರ ಒಂದು ಗಂಟೆಗೆ ಏನು ನೀಲಕ್ಕ?"

ನೀಲಗಂಗಾ ಬಿಡಿಸಿ ಹೇಳಿದಳು. ಈ ಶ್ರಾವಣದಿಂದ ಹಿಡಿದ ನೇಮ. ಸೋಮವಾರ ಒಬ್ಬ ಜಂಗಮರಿಗೆ ಉಣಬಡಿಸುವವರೆಗೆ, ಅಂದರೆ ಒಂದು ಗಂಟೆಯವರೆಗೆ, ರೊಟ್ಟಿಯ ಹಂಚು ಒಲೆಗೇರುವುದಿಲ್ಲ. ಬಾಗಿಲು ಹನ್ನೊಂದಕ್ಕೇ ತೆರೆಯುತ್ತದೆ. ಬಂದವರು ಮಜ್ಜಿಗೆ ಕುಡಿದು ಕಾಯುತ್ತಾರೆ. ಎಲ್ಲೂ ಬರೆದು ಹಾಕಿಲ್ಲ.

* * *

ಡಬ್ಬಿ ಕೊಟ್ಟು ರಾಜಶೇಖರ ಹಿಂದಿರುಗಿದ. ನೀಲಗಂಗಾಳ ಅಕ್ಕನ ಮಗ. ಜ್ಯೋತ್ಸ್ನಾ ಅವನಿಗೆ ಕುರ್ಚಿ ತೋರಿಸಿದಳು.

"ತಾರಾನಾಥರಿಗೆ ಈ ಸೋಮವಾರದ ಕಾಯುವಿಕೆ ಎದುರಿಂದಲೇ ಕಾಣ್ತದೆ, ಪಾಸ್‌ವರ್ಡ್ ಗೊತ್ತಿಲ್ಲ. ಮನೀಶನಿಗೆ ಪಾಸ್‌ವರ್ಡ್ ಗೊತ್ತು, ಸೋಮವಾರದ ನೇಮ ಗೊತ್ತಿಲ್ಲ. ಎರಡೂ ಗೊತ್ತಿರುದು ನಿಮಗೆ. ಕಳ್ಳನಿಗೆ ಆ ಹೊತ್ತು ಯಾಕೆ ಬೇಕಿತ್ತು? ಅವನು ಮಾರುವ ರೊಟ್ಟಿ ಇಲ್ಲಿಂದಲೇ ಹೋಗ್ತದೆ. ಇಲ್ಲಿ ಹಂಚು ಏರದೆ ಅಲ್ಲಿ ರೊಟ್ಟಿ ಇಲ್ಲ."

ರಾಜಶೇಖರನ ಬಾಯಿಂದ ಎಲ್ಲ ಹೊರಬಂತು. ರಬಾಳೆಯಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು, ಚೀಟಿಯಲ್ಲಿ ತನ್ನ ನಂಬರು ಹಾಕಿದ್ದ. ದಿನವೂ ಇಲ್ಲಿಂದ ರೊಟ್ಟಿಯ ಕಟ್ಟು ಜಾರಿಸುತ್ತಿದ್ದ. ಪಲ್ಯ ಅಲ್ಲಿ ಮಾಡುತ್ತಿದ್ದ. ಉಳಿದದ್ದನ್ನು ಮರುದಿನ ಬಿಸಿ ಮಾಡಿ ಕಳಿಸುತ್ತಿದ್ದ.

"ಚಿಗವ್ವ, ತಪ್ಪಾತು. ಮನೀ ಮಾತು ಮನ್ಯಾಗ ಇರಲಿ."

ನೀಲಗಂಗಾ ಎದ್ದಳು. ಧ್ವನಿ ಏರಲಿಲ್ಲ.

"ರೊಟ್ಟಿ ಕದ್ದಿದ್ದಿ, ಅದು ಮನೀ ಮಾತು. ನನ್ನ ಹೆಸರ್ಲೆ ಹಳಸಿದ್ದು ಉಣಿಸಿದಿ. ಉಂಡಾಕಿ ಹೊರಗಿನಾಕಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಪರಖೈರಣೆಯವನನ್ನು ಜೊತೆಗೆ ಕರೆದುಕೊಂಡು, ಅವಳು ಪೊಲೀಸ್ ಠಾಣೆಯ ದಾರಿ ಹಿಡಿದಳು.