ತುಟಿಗೆ ಅಂಟುವ ಬದಿ

ನೀಲಕಂಠ ಮೊದಲ ಸಲ ನಮ್ಮ ಪಡಸಾಲೆಯಲ್ಲಿ ಊಟಕ್ಕೆ ಕೂತಾಗ ನಾನು ಅವನ ಮುಖ ನೋಡಲಿಲ್ಲ, ಉಗುರು ನೋಡಿದೆ. ಹತ್ತಕ್ಕೆ ಹತ್ತೂ ಕಪ್ಪು. ಬೆರಳ ತುದಿಗಳು ಸುಟ್ಟ ಬದನೆಕಾಯಿ ಸಿಪ್ಪೆಯ ಹಾಗೆ. ಆ ಬೆರಳಿನಿಂದ ಅವನು ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಒತ್ತಿದಾಗ ಓಕರಿಕೆ ಬಂದು ನಾನು ರೊಟ್ಟಿಯ ಬುಟ್ಟಿ ಅಲ್ಲೇ ಇಟ್ಟೆ.

ಒಳಗೆ ಹೋಗಿ ಆಯಿಯ ಕಿವಿಯಲ್ಲಿ, "ಅಂವಗ ಏನರೆ ರೋಗ ಅದ. ನಾ ಬಡಸೂದಿಲ್ಲ" ಎಂದೆ. ಆಯಿ, ಅಂದರೆ ನಮ್ಮಜ್ಜಿ ಗುಂಡಮ್ಮನಿಗೆ ಕಿವಿ ಮಂದ. "ಏನಂದಿ?" ಎಂದು ಕೂಗಿದಳು. ನಾನೂ ಕೂಗಿ ಹೇಳಬೇಕಾಯಿತು.

ಪಡಸಾಲೆಯಿಂದ ಅವನ ನಗು ಕೇಳಿತು.

"ರೋಗ ಅಲ್ರೀ. ಫಿಲಮ್ ತೊಳಿಯೂ ಔಷಧದ ಕಲಿ. ತಿಕ್ಕಿದ್ರ ಹೋಗೂದಿಲ್ಲ, ಮಂದೀಗಿ ಹತ್ತೂದೂ ಇಲ್ಲ."

ನಾಚಿಕೆಯಾಯಿತು. ಆದರೆ ಹೇಸಿಕೆ ಹೋಗಲಿಲ್ಲ.

ನಾನು ಶಿವಕಾಂತಮ್ಮ. ಆಗ ನನಗೆ ಇಪ್ಪತ್ತೊಂದು. ನಾನಿನ್ನೂ ಹುಡುಗಿಯಾಗಿದ್ದಾಗ, ದೊಡ್ಡ ಜ್ವರ ಬಂದ ವರ್ಷ, ಮುಖವೂ ಸರಿಯಾಗಿ ನೆನಪಿಲ್ಲದ ಗಂಡ ತೀರಿಕೊಂಡಿದ್ದ. ಅಂದಿನಿಂದ ಕಮಲಾಪುರದಲ್ಲಿ ಅಪ್ಪ ಮಾಣಿಕಪ್ಪನ ಬಾಳೆತೋಟ ನೋಡಿಕೊಂಡಿದ್ದೆ. ನಮ್ಮ ಲಿಂಗವಂತರಲ್ಲಿ ವಿಧವೆಗೆ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಡುವುದುಂಟು. ಬಂದ ಗಂಡುಗಳಲ್ಲಿ ಒಬ್ಬ ಮೂಗು ಸೀನಿ ಧೋತರಕ್ಕೆ ಒರೆಸಿಕೊಂಡ, ಇನ್ನೊಬ್ಬನ ಬಾಯಿ ತಂಬಾಕಿನ ಗುಂಡಿ. ಇಬ್ಬರನ್ನೂ ಬೇಡವೆಂದೆ. ಊರಲ್ಲಿ ನನ್ನ ಹೆಸರೇ ಹೇಸಿಕಿ ಶಿವಕ್ಕ.

ನೀಲಕಂಠ ಕಲಬುರಗಿಯ ಶಹಾಬಜಾರಿನ ಕಿರಾಣಿ ಅಂಗಡಿಯವರ ಮಗ. ಮುಂಬೈಗೆ ಓಡಿಹೋಗಿ ಫಿಲಂ ತೊಳೆಯುವ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದವನು, ಯಾರೋ ಬಿಸಾಡಿದ ಕ್ಯಾಮೆರಾ ರಿಪೇರಿ ಮಾಡಿಕೊಂಡು ಬಂದಿದ್ದ. ಕಟ್ಟಿಗೆಯ ಪೆಟ್ಟಿಗೆ, ಹಿತ್ತಾಳೆಯ ಹಿಡಿ, ಮೂರು ಕಾಲು. ಯಾವ ಕಂಪನಿಯ, ಯಾವ ಸೇಠನ ಹಂಗೂ ಇಲ್ಲದೆ ತಾನೇ ಒಂದು ಮೂಕಿ ಚಿತ್ರ ಮಾಡುತ್ತೇನೆಂಬ ಹಟ. ಅವನ ಅಪ್ಪನ ಗೆಳೆತನಕ್ಕಾಗಿ ನಮ್ಮಪ್ಪ ಬಿಸಿಲಿಗೆ ತೋಟವನ್ನೂ ಕತ್ತಲೆಗೆ ಕಾಳಿನ ಖೋಲಿಯನ್ನೂ ಬಿಟ್ಟುಕೊಟ್ಟ.

ಖೋಲಿಯ ಕಿಂಡಿಗೆ ಸಗಣಿ ಮೆತ್ತಿ, ಕಂದೀಲಿಗೆ ಕೆಂಪು ಬಟ್ಟೆ ಸುತ್ತಿ ಅವನು ಫಿಲಂ ತೊಳೆಯುವ ಕೆಲಸಕ್ಕೆ ಇಳಿದ. ಮೂರೇ ದಿನಕ್ಕೆ ಮನೆಯೆಲ್ಲ ನಾರತೊಡಗಿತು. ಒಂದು ಬೋಗುಣಿಯಿಂದ ಕೆಟ್ಟ ತತ್ತಿಯ ವಾಸನೆ, ಇನ್ನೊಂದರಿಂದ ತುಕ್ಕಿನ ವಾಸನೆ. ಅವನು ಚೆಲ್ಲಿದ ನೀರಿಗೆ ಹಿತ್ತಲ ಮಲ್ಲಿಗೆ ಬಳ್ಳಿ ಒಣಗಿತು. ನಾಲ್ಕನೆಯ ದಿನ ಕೊಳೆತ ಬಾಳೆಹಣ್ಣಿನ ನಾತ ಬಂತು. ನಾನು ರಾಶಿಯ ಗೊನೆಯೆಲ್ಲ ತಿರುವಿ ಹುಡುಕಿದೆ, ಒಂದು ಹಣ್ಣೂ ಕೆಟ್ಟಿರಲಿಲ್ಲ.

"ಇದನ್ನ ಹುಡಕಲಾಕತ್ತೀರೇನು?" ಬಾಗಿಲಲ್ಲಿ ನಿಂತು ಅವನು ಬೆರಳುದ್ದದ ಸೀಸೆ ತೋರಿಸಿದ. "ಫಿಲಮ್ ಜೋಡಸೂ ಅಂಟು. ವಾಸನಿ ಥೇಟ್ ನಿಮ್ಮ ತೋಟದ್ದು."

"ನಮ್ಮ ತೋಟ ಹಿಂಗ ನಾರೂದಿಲ್ಲ. ಬೂಚ ಹಾಕ್ರಿ ಅದಕ್ಕ."

ಅವನು ಹಾಕಿದ. ನಗು ಮಾತ್ರ ಮುಚ್ಚಿಕೊಳ್ಳಲಿಲ್ಲ.

ಚಿತ್ರದ ಕಥೆ ಇಷ್ಟೇ: ಒಬ್ಬ ತಾನು ಮೆಚ್ಚಿದವಳಿಗೆ ಕೊಡಲು ಕೆಂಪು ಬಾಳೆಯ ಗೊನೆ ಹೊತ್ತು ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕವರೆಲ್ಲ ಒಂದೊಂದು ಹಣ್ಣು ಕೇಳುತ್ತಾರೆ. ಮನೆ ಮುಟ್ಟುವಷ್ಟರಲ್ಲಿ ಕೈಯಲ್ಲಿ ಬರೀ ದಿಂಡು. ಬೇರೆ ನಟರಿಲ್ಲದ್ದರಿಂದ ಅವನೇ ನಾಯಕ. ನಾಯಕಿಯ ಕೈ ಮಾತ್ರ ಕಾಣಬೇಕು, ಅದಕ್ಕೆ ನಮ್ಮ ತೋಟದ ಆಳು ಭಾಗಪ್ಪನ ಕೈಗೆ ಬಳೆ ಏರಿಸಿದ. ಆ ರೋಮದ ಕೈ ಬಳೆ ಕುಲುಕಿದ್ದು ನೋಡಿ ನಾನು ಮುಖ ತಿರುವಿದೆ. ಆಯಿ ನಕ್ಕು ನಕ್ಕು ಗೋಡೆಗೆ ಒರಗಿದಳು.

ಮೊದಲ ತುಂಡು ತೊಳೆದು ನೋಡಿದಾಗ ಅವನ ನಗು ನಿಂತಿತು. ಆ ಫಿಲಮ್ಮಿಗೆ ಕೆಂಪು ಕಾಣುವುದಿಲ್ಲವಂತೆ. ನಮ್ಮ ಚಂದದ ಹಣ್ಣುಗಳು ಕರ್ರಗೆ, ಕೊಳೆತ ಹಾಗೆ ಬಂದಿದ್ದವು.

"ಜ್ವಾಳದ ಹಿಟ್ಟು ಬಳೀರಿ" ಎಂದೆ, ತಡೆಯಲಾರದೆ. "ಬೆಳ್ಳಗ ಮಾಡ್ರಿ. ಯಾವ ಹೆಂಗಸು ಆ ಕೊಳಕ ಹಣ್ಣು ಮುಟ್ಟತಾಳ?"

ಅವನು ಹಿಟ್ಟು ಬಳಿದ. ಪೇಟದ ನೆರಳು ಮುಖದ ಮೇಲೆ ಬೀಳದಂತೆ ಹೊರಸಿಗೆ ಬಿಳಿ ಧೋತರ ಬಿಗಿದು, ಬಿಸಿಲು ಕೆಳಗಿನಿಂದ ಪುಟಿಯುವಂತೆ ಒರಗಿಸಿದ. ಹಣ್ಣೂ ಹೊಳೆಯಿತು, ಅವನ ಕಣ್ಣೂ. ಆದರೆ ಅದೇ ಕ್ಯಾಮೆರಾದ ಹಿಂದೆ ಕಂದೀಲು ಇಟ್ಟು ಗೋಡೆಯ ಮೇಲೆ ಅಂಗೈಯಗಲ ನೋಡಿದ ಚಿತ್ರದಲ್ಲಿ ಅವನು ಒಮ್ಮೆ ನಾಯಿ ಬೆನ್ನಟ್ಟಿದ ಹಾಗೆ ಓಡಿದ, ಒಮ್ಮೆ ಕೆಸರಲ್ಲಿ ನಡೆದ ಹಾಗೆ ತೆವಳಿದ. ಹಿಡಿ ತಿರುಗಿಸಿದ ಭಾಗಪ್ಪನ ಕೈ ಹದ ತಪ್ಪಿತ್ತು.

"ಸೆಕೆಂಡಿಗಿ ಎರಡು ಸುತ್ತು. ಹೆಚ್ಚಿಲ್ಲ, ಕಡಿಮಿಲ್ಲ" ಎಂದು ಅವನು ಭಾಗಪ್ಪನನ್ನು ಬೇಡಿಕೊಳ್ಳುತ್ತಿದ್ದ.

ನಾನು ಹೋಗಿ ಹಿಡಿ ಕಸಿದುಕೊಂಡೆ. ಹತ್ತು ವರ್ಷ ಬೀಸುಕಲ್ಲು ತಿರುಗಿಸಿದ ತೋಳು ನನ್ನದು. ಬಾಯೊಳಗೇ ಬೀಸುವ ಪದ ಗುನುಗಿಕೊಂಡು ತಿರುಗಿಸಿದೆ. ಅವನು ಗಡಿಯಾರ ಹಿಡಿದು ಎಣಿಸಿದ. ಎಣಿಸುವುದು ನಿಲ್ಲಿಸಿ ನನ್ನ ತೋಳನ್ನೇ ನೋಡಿದ.

"ಗಡಿಯಾರ ನೋಡ್ರಿ" ಎಂದೆ.

"ಗಡಿಯಾರ ಹಿಂದ ಬಿತ್ತು."

ಅಂದಿನಿಂದ ಹಿಡಿ ನನ್ನದು. ಆಯಿ ಬದುವಿನ ಮೇಲೆ ಕೂತು ಕಾವಲು ಕಾದಳು, ಅಂದರೆ ತೂಕಡಿಸಿದಳು. ಬೆಳಿಗ್ಗೆ ಚಿತ್ರ ತೆಗೆಯುವುದು, ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ತುಂಡು ಜೋಡಿಸುವುದು. ಜೋಡಿಸುವ ವಿದ್ಯೆಯನ್ನೂ ಅವನೇ ಕಲಿಸಿದ.

"ಫಿಲಮ್ಮಿಗಿ ಎರಡು ಬದಿ. ಒಂದು ಬರೀ ಹಾಳಿ, ಇನ್ನೊಂದರ ಮ್ಯಾಲ ಚಿತ್ರ. ಕಣ್ಣಿಗಿ ಗೊತ್ತಾಗೂದಿಲ್ಲ. ಅಂಚು ತುಟಿಗಿ ಹಚ್ಚಿ ನೋಡ್ರಿ. ಅಂಟಿತಂದ್ರ ಅದು ಚಿತ್ರದ ಬದಿ."

ನಾನು ಹಚ್ಚಿದೆ. ತುಟಿ ಜಿಗುಟಾಗಿ ಹಿಡಿದು ಬಿಟ್ಟಿತು. ಅದನ್ನು ನಾಲಿಗೆಯಿಂದ ಒದ್ದೆ ಮಾಡಿ, ಬ್ಲೇಡಿನಿಂದ ಕೆರೆದು, ಅಂಟು ಸವರಿ ಒತ್ತಬೇಕು. ನಾನು ಒದ್ದೆ ಮಾಡಿ ಕೊಟ್ಟದ್ದನ್ನು ಅವನು ಕೆರೆಯುತ್ತಿದ್ದ. ಪ್ರತಿ ಸಲ ಫಿಲಂ ತುಟಿಗೆ ತಂದಾಗ ಅವನ ಕಣ್ಣು ಒಂದು ಕ್ಷಣ ನನ್ನ ಬಾಯಿಯ ಮೇಲೆ ನಿಂತು ತಟ್ಟನೆ ಕೆಳಗಿಳಿಯುತ್ತಿತ್ತು. ಅದನ್ನು ನಾನು ನಾಚಿಕೆ ಎಂದುಕೊಂಡೆ. ನನಗೂ ಹಿತವಾಗುತ್ತಿತ್ತು. ಎಂಟು ದಿನ ಹೀಗೇ ನಡೆಯಿತು. ಅವನ ಬೆರಳು ಕಂಡರೆ ಬರುತ್ತಿದ್ದ ಓಕರಿಕೆ ಯಾವ ದಿನ ನಿಂತಿತೋ ತಿಳಿಯಲಿಲ್ಲ.

ಒಂದನೇ ರೀಲು ಮುಗಿಯಿತು. ಪರದೆಯ ಮೇಲೆ ನೋಡಲು ನಾನು, ಆಯಿ, ಅವನು ಸರ್ವಿಸ್ ಮೋಟಾರಿನಲ್ಲಿ ಕಲಬುರಗಿಗೆ ಹೋದೆವು. ಸ್ಟೇಷನ್ನಿನ ಹತ್ತಿರ ಮೂಕಿ ಚಿತ್ರ ತೋರಿಸುವ ತಗಡಿನ ಶೆಡ್ಡು. ಅಲ್ಲಿ ಯಂತ್ರ ನಡೆಸುವ ಇಮಾಮುದ್ದೀನ್ ಚಾಚಾ ನೀಲಕಂಠನಿಗೆ ಗುರುತಿನವರು. ಬೆಳಗಿನ ಹೊತ್ತು, ಆಟ ಇರಲಿಲ್ಲ. ಬಾಗಿಲು ಎಳೆದು ರೀಲು ಏರಿಸಿದರು. ನಮ್ಮ ತೋಟ ಕಂಡಿತು, ನಮ್ಮ ಬದು ಕಂಡಿತು, ಗೊನೆ ಹೊತ್ತ ನೀಲಕಂಠ ಬೆಳಕಿನಲ್ಲಿ ನಡೆದು ಬಂದ. ಒಂದು ಹೆಜ್ಜೆಯೂ ತಪ್ಪಲಿಲ್ಲ. "ನನ್ನ ತೋಳು ನಡಸಿದ್ದು" ಎಂದು ಆಯಿಯ ಕೈ ಹಿಸುಕಿದೆ.

ನಡುವೆ ಪಟ್ಟೆಂದು ಫಿಲಂ ಹರಿಯಿತು. ನಾನೇ ಎದ್ದು ಹೋಗಿ, ಹರಿದ ತುದಿ ತುಟಿಗೆ ಹಚ್ಚಿದೆ.

"ಅರೆ ಬೇಟಿ!" ಇಮಾಮುದ್ದೀನ್ ಚಾಚಾ ಕೈ ಹಿಡಿದರು. "ಬಾಯಾಗ ಹಚ್ಚಬ್ಯಾಡ. ಇದಕ್ಕ ಸವರಿದ್ದು ಸರೇಸ. ದನದ ಎಲುಬು, ತೊಗಲು ಕುದಿಸಿ ತೆಗೀತಾರ. ನಿಮ್ಮ ಮಂದೀಗಿ ನಡೀತದೇನು?"

ನಾನು ನೀಲಕಂಠನ ಕಡೆ ತಿರುಗಿದೆ.

"ನಿಮಗ ಗೊತ್ತಿತ್ತೇನ್ರಿ?"

ಅವನು ನೆಲ ನೋಡಿದ. ಗೊತ್ತಿರಲಿಲ್ಲ ಎನ್ನಲಿ ಎಂದು ನಾನು ಶಿವನನ್ನು ಬೇಡಿಕೊಂಡೆ.

"ಗೊತ್ತಿತ್ತು" ಎಂದ.

ಹೊರಗೆ ಓಡಿ ಗಟಾರದ ಹತ್ತಿರ ಕೂತು ಕಾರಿದೆ. ಬೆಳಗಿನ ಉಪ್ಪಿಟ್ಟು ಹೋಯಿತು, ಆಮೇಲೆ ಬರೀ ಹಳದಿ ನೀರು. ಅವನು ನೀರಿನ ತಂಬಿಗೆ ಹಿಡಿದು ಬಂದ. ಆ ತಂಬಿಗೆಯ ಮೇಲೆ ಆ ಬೆರಳುಗಳು. ತಂಬಿಗೆ ತಳ್ಳಿದೆ.

"ಎಂಟು ದಿನ! ಎದುರು ಕುಂತು ನೋಡಿದ್ರಿ. ಲಿಂಗ ಕಟ್ಟಿದಾಕಿ ಬಾಯಾಗ ಎಲುಬು ಇಡೂದು ನೋಡಿ ಸುಮ್ಮ ಕುಂತ್ರಿ. ಥೂ! ನಿಮ್ಮ ಮಾರಿ ತೋರಸಬ್ಯಾಡ್ರಿ."

ಶಹಾಬಜಾರಿನ ಸೋದರತ್ತೆಯ ಮನೆಯಲ್ಲಿ ಎರಡು ದಿನ ಬಿದ್ದುಕೊಂಡೆ. ಬೂದಿ ಹಾಕಿ ಹಲ್ಲು, ನಾಲಿಗೆ, ತುಟಿ ತಿಕ್ಕಿದೆ. ಬೇವಿನ ಕಡ್ಡಿಯಿಂದ ವಸಡು ಕೆರೆದು ರಕ್ತ ಬರಿಸಿಕೊಂಡೆ. ಜಿಗುಟು ಹೋಗಲೇ ಇಲ್ಲ. ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ಧೈರ್ಯ ಸಾಲಲಿಲ್ಲ, ಪೂಜೆಯಿಲ್ಲದೆ ಊಟವೂ ಇಲ್ಲ. ತಲೆನೋವೆಂದು ಅತ್ತೆಗೆ ಸುಳ್ಳು ಹೇಳಿದೆ. ಆ ಸುಳ್ಳೂ ಬಾಯಲ್ಲಿ ಕಹಿಯಾಯಿತು.

ಎಲುಬಿಗಿಂತ ಹೆಚ್ಚು ಕಾಡಿದ್ದು ಆ ನೋಟ. ನಾಚಿಕೆ ಎಂದು ನಾನು ಸುಖಪಟ್ಟ ಆ ನೋಟ ತಪ್ಪಿತಸ್ಥನದಾಗಿತ್ತು. ನೆನೆದಾಗಲೆಲ್ಲ ಮತ್ತೆ ಹೇಸಿಕೆ. ಅವನ ಮೇಲೆ ಎಷ್ಟೋ, ಅವನಿಗಾಗಿ ಹಿಗ್ಗಿದ ನನ್ನ ಮೇಲೂ ಅಷ್ಟೇ.

ಮೂರನೆಯ ಬೆಳಿಗ್ಗೆ ತಣ್ಣೀರು ಸುರಿದುಕೊಂಡು ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಗೊತ್ತಿಲ್ಲದೆ ಮಾಡಿದೆ, ಇನ್ನು ಮಾಡುವುದಿಲ್ಲ ಎಂದೆ. ಲಿಂಗ ಎಂದಿನ ಹಾಗೆ ತಣ್ಣಗೆ ಕೂತಿತು. ಅಂದು ಅರ್ಧ ರೊಟ್ಟಿ ಉಂಡು ಆಯಿಯ ಜೊತೆ ಕಮಲಾಪುರದ ಮೋಟಾರು ಹತ್ತಿದೆ.

ಅಂದು ನಮ್ಮೂರಲ್ಲಿ ಸಂತೆ. ಮೋಟಾರು ನಿಲ್ಲುವ ಕಡೆ ಎಲೆಯಡಿಕೆ ಉಗುಳು, ಕೊಳೆತ ಸೊಪ್ಪು, ಸಗಣಿ. ಅದರ ನಡುವೆ ಟ್ರಂಕಿನ ಮೇಲೆ ನೀಲಕಂಠ ಕೂತಿದ್ದ. ಕ್ಯಾಮೆರಾ ಬೆನ್ನಿಗೆ ಕಟ್ಟಿಕೊಂಡಿದ್ದ. ನನ್ನನ್ನು ಕಂಡು ಎದ್ದು, ಮುಖ ತೋರಿಸಬೇಡವೆಂದದ್ದು ನೆನಪಾಗಿ ತಿರುಗಿ ನಿಂತ.

"ಎಲ್ಲಿಗಿ ಹೊಂಟೀರಿ?" ಅವನ ಬೆನ್ನಿಗೆ ಕೇಳಿದೆ.

"ಮುಂಬೈಗಿ. ನಿಮ್ಮಪ್ಪ ಹೊರಗ ಹಾಕ್ಯಾರ."

"ಯಾಕ?"

"ನಾನೇ ಹೋಗಿ ಎಲ್ಲಾ ಹೇಳಿದ್ನಿ. ನೀವು ಹೇಳೂ ಹಂಗ ಆಗಬಾರದು ಅಂತ. ಗೊತ್ತಿದ್ದೂ ಬಾಯಿಗಿ ಹಚ್ಚಿಸಿದ್ನಿ, ಆಕಿಂದೇನೂ ತಪ್ಪಿಲ್ಲ ಅಂದ್ನಿ. ಬಡಿಗಿ ತಗೊಂಡ್ರು. ಹೊಡೀಲಿಲ್ಲ."

"ಮೊದಲೇ ನನಗ ಯಾಕ ಹೇಳಲಿಲ್ರಿ?"

ಡ್ರೈವರ್ ಮೋಟಾರಿನ ಮೂಗಿಗೆ ನೀರು ಸುರಿಯುತ್ತಿದ್ದ, ಬುಸ್ಸೆಂದು ಹಬೆ ಎದ್ದಿತು. ನೀಲಕಂಠ ಈಗ ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿದ್ದವು.

"ಮರತೀನಿ ಅಂತ ಹೇಳೂಣು ಅಂದುಕೊಂಡಿದ್ನಿ. ಅದು ಸುಳ್ಳಾಗ್ತದ. ಪ್ರತಿ ಸಲ ನೆನಪಾಗತಿತ್ತು. ಹೇಳಿದ್ರ ನೀವು ಎದ್ದು ಹೋಗ್ತೀರಿ. ನೀವು ಎದುರು ಕುಂಡ್ರಬೇಕಾಗಿತ್ತು ನನಗ. ಚಿತ್ರಕ್ಕಲ್ಲ. ನನಗ."

"ಅದು ಪ್ರೀತಿ ಅಂತೀರೇನು?"

"ಪ್ರೀತಿನೇ. ಆದ್ರ ಹೊಲಸ ಪ್ರೀತಿ. ನಿಮಗಿಂತ ನನ್ನ ಆಸಿ ದೊಡ್ಡದು ಮಾಡಿಕೊಂಡ್ನಿ. ಹೇಸಿಕಿ ಪಡ್ರಿ, ನಾ ಬ್ಯಾಡನ್ನೂದಿಲ್ಲ."

ಇಷ್ಟು ನೇರವಾಗಿ ತನ್ನನ್ನೇ ಬೈದುಕೊಂಡ ಗಂಡಸನ್ನು ನಾನು ಕಂಡಿರಲಿಲ್ಲ. ಸಿಟ್ಟು ಇಳಿಯಲಿಲ್ಲ. ಆದರೆ ಆ ಮೋಟಾರಿನಲ್ಲಿ ಅವನು ಹೋಗಿಬಿಟ್ಟರೆ ಎಂದು ಯೋಚಿಸಿದೆ, ಎದೆಯಲ್ಲಿ ಏನೋ ಕಿತ್ತು ಬಂದ ಹಾಗಾಯಿತು. ಅದು ಓಕರಿಕೆಯಲ್ಲ.

"ತುಟಿ ಬಿಟ್ರ ಬ್ಯಾರೆ ದಾರಿ ಇಲ್ಲೇನು, ಆ ಬದಿ ಗುರತ ಹಿಡಿಲಾಕ?"

ಅವನು ಬೆಪ್ಪಾಗಿ ನೋಡಿದ. "ಅದ. ಬೆರಳ ಹಸಿ ಮಾಡಿ ಅಂಚಿಗಿ ಒತ್ತಿದ್ರ ಅದೂ ಅಂಟತದ."

"ಮತ್ತ ಅದನ್ಯಾಕ ಕಲಸಲಿಲ್ಲ?"

"ಕಾರ್ಖಾನಿಯಾಗ ಎಲ್ಲಾರೂ ತುಟೀಲೇ ನೋಡತಿದ್ರು. ನಾನೂ ಹಂಗೇ ಕಲತೀನಿ."

"ಮೂರ್ಖರು. ಎಲ್ಲಾರೂ ಮೂರ್ಖರು." ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. "ಕೇಳ್ರಿಲ್ಲಿ. ಈ ಹೇಸಿಕಿ ಹೋಗಿಲ್ಲ. ಯಾವಾಗ ಹೋಗ್ತದೋ ಗೊತ್ತೂ ಇಲ್ಲ. ಇನ್ನೊಮ್ಮಿ ಏನರೆ ಮುಚ್ಚಿಟ್ರ ನಾನೇ ಬಡಿಗಿ ಹಿಡೀತೀನಿ, ಮತ್ತ ನಮ್ಮಪ್ಪನ ಹಂಗ ಬಿಡೂದಿಲ್ಲ."

ಡ್ರೈವರ್ ರಬ್ಬರಿನ ಹಾರ್ನ್ ಒತ್ತಿದ. "ಬರ್ತೀರೇನ್ರಿ, ಕಲಬುರಗಿ?"

ನೀಲಕಂಠ ನನ್ನನ್ನು ನೋಡಿದ. ನಾನು ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದೆ.

"ಆ ಕಡಿ ಹಿಡೀರಿ."

"ಶಿವಕಾಂತಾ, ಸಂತಿ ಅದ. ಊರ ನೋಡ್ತದ."

"ನೋಡ್ಲಿ. ಹಿಡಿ."

ಅವನು ಹಿಡಿದ. ಬಾಳೆಹಣ್ಣಿನವರು, ಮೆಣಸಿನಕಾಯಿಯವರು, ಬಳೆಗಾರರು, ಎಲ್ಲರ ನಡುವೆ ನಾವಿಬ್ಬರೂ ಟ್ರಂಕು ಹೊತ್ತು ನಡೆದೆವು. ಹಿಂದೆ ಆಯಿ ಕೋಲೂರಿಕೊಂಡು, ದಾರಿ ಬಿಡದವರಿಗೆ ಬೈಯುತ್ತ ಬಂದಳು.

ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು.

"ಇಂವ ಏನ್ ಮಾಡ್ಯಾನ, ಗೊತ್ತದ ಇಲ್ಲ ನಿನಗ?"

"ಗೊತ್ತದಪ್ಪ."

"ಹೇಸಿಕಿ ಬರೂದಿಲ್ಲ?"

"ಬರ್ತದ. ಬಂದ್ರೂ ಇಂವನ ಕೂಡೇ ಉಡಿಕಿ ಆಗ್ತೀನಿ."

ನೀಲಕಂಠನ ಕಡೆಯ ಹಿಡಿ ಒಮ್ಮೆ ಜಾರಿ, ಮತ್ತೆ ಗಟ್ಟಿಯಾಯಿತು. ಅಪ್ಪ ಅವನನ್ನು ನೋಡಿದ, ನನ್ನನ್ನು ನೋಡಿದ. ನನ್ನ ತೋಳು ಸೋತಿತ್ತು, ಆದರೂ ಟ್ರಂಕು ಇಳಿಸಲಿಲ್ಲ.

"ಬಾಜೂಕ ಸರಿ ಅಪ್ಪ" ಎಂದೆ. "ಭಾಳ ವಜ್ಜ ಅದ."

ಅಪ್ಪ ಬಾಗಿಲ ಇನ್ನೊಂದು ಕದವನ್ನೂ ತೆಗೆದು ಪಕ್ಕಕ್ಕೆ ಸರಿದ.