ದೀಪ ಮಿನುಗಿಸುವ ಉದಾಹರಣೆ

ಪೂನಮ್ ಸುಳ್ಳು ಹೇಳುತ್ತಿದ್ದಾಳೆಯೇ? ಸುಳ್ಳಿಗೆ ಮಾತು ಹೆಚ್ಚು ಬೇಕು, ಇವಳು ಹೇಳಿದ್ದು ನಾಲ್ಕೇ ಮಾತು ಎಂದುಕೊಂಡೆ. ಮರುಕ್ಷಣ ಅದೂ ಖಚಿತವೆನಿಸಲಿಲ್ಲ.

೨೦೧೪ರ ಆ ಭಾನುವಾರ ಅವಳು ಬನಹಟ್ಟಿಯಿಂದ ರಬಕವಿಗೆ, ಗುರುಬಾಯಿ ಅಕ್ಕೋರ ಮನೆಗೆ ಬಂದಿದ್ದಳು. ನಿವೃತ್ತ ವಿಜ್ಞಾನ ಶಿಕ್ಷಕಿಯಾದ ಅಕ್ಕೋರು ಊರವರ ಒಗಟು ಬಿಡಿಸುತ್ತಿದ್ದರು. ಬಿ.ಎಸ್‌ಸಿ. ಮುಗಿಸಿ ಅವರ ಮನೆಯಲ್ಲೇ ಬಾಡಿಗೆಗಿದ್ದ ನಾನು ಜೊತೆಗಾರ.

"ದೀಪ ಮಿನುಗಿಸೂ ಉದಾಹರಣಿ ಯಾರೋ ಅಳಿಸ್ಯಾರ್ರಿ ಅಕ್ಕೋರ. ನನ್ನ ಹೆಸರಿಲೇನ ಬದಲಾಗೇತಿ. ನಾ ಮುಟ್ಟಿಲ್ರಿ."

ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್‌ಗಾಗಿ ಹಲವು ಊರಿನವರು ಕೂಡಿ ಬರೆದು, ಎಲ್ಲರಿಗೂ ತೆರೆದಿಟ್ಟ ಕೋಡ್ ಲೈಬ್ರರಿ ಅದು. ಹೊಸಬರು ಕಲಿಯಲು ಇಟ್ಟ, ದೀಪ ಮಿನುಗಿಸುವಂಥ ಸರಳ ಉದಾಹರಣೆಗಳ ಫೋಲ್ಡರ್ ಪೂನಮ್‌ಳ ಹೊಣೆ; ಸ್ವಂತ ಕೆಲಸದ ಕೋಡ್ ಅಲ್ಲಿ ಹಾಕುವಂತಿರಲಿಲ್ಲ. ಸಂಜೆಯೊಳಗೆ ಕಾರಣ ಹೇಳದಿದ್ದರೆ ಆ ಹೊಣೆಯನ್ನು ಬೇರೆಯವರಿಗೆ ಕೊಡುವುದಾಗಿ ಉಳಿದವರು ತಿಳಿಸಿದ್ದರು.

"ನಮ್ಮ ಜೋಡಿ ಕೋಡ್ ಬರಿಯೂ ಭೀಮಶಿನ ಮಾಡಿರಬೇಕ್ರಿ. ಹೊಲದ ಪಂಪ್ ನಡಸೂ ಅವನ ಕೋಡ್ ಅಲ್ಲಿ ಹಾಕಲಿಲ್ಲಂತ ಸಿಟ್ಟು. ನಿನ್ನೆ ನಮ್ಮ ಕಂಪ್ಯೂಟರ್ ಮುಂದ ಕೂತಿದ್ದ."

ಮೂವರೂ ಬನಹಟ್ಟಿಗೆ ಹೋದೆವು. ಅವಳ ಮನೆಯಲ್ಲಿ ಕೆಳಗೆ ವಿದ್ಯುತ್ ಮಗ್ಗಗಳು, ಮೇಲೆ ಕಂಪ್ಯೂಟರ್. ಅವಳ ಅಪ್ಪ ಲಗಮಪ್ಪ ಮೀಸೆಗೆ ಹತ್ತಿದ ಅರಳೆ ಒರೆಸಿಕೊಳ್ಳುತ್ತ ಚಹಾ ತಂದ. ಮಗಳ ಹಿಂದೆ ಕೂತು ನೋಡಿ ನೋಡಿ ಅವನೂ ಕೋಡ್ ಕಲಿತಿದ್ದ. ಕರೆಸಿದ್ದಕ್ಕೆ ರನ್ನ ಬೆಳಗಲಿಯಿಂದ ಭೀಮಶಿಯೂ ಬಂದ.

"ಪಂಪ್ ಹೊರಗ ಹಾಕಿದಿ, ಈಗ ನನ್ನೂ ಹೊರಗ ಹಾಕವ್ವಾ!"

"ಸುಮ್ನ ಕುಂಡ್ರ ಲೇ," ಎಂದಳು ಪೂನಮ್.

ಅಕ್ಕೋರು ದೀಪದ ಉದಾಹರಣೆಯ ಫೈಲ್ ತೆರೆಸಿದರು. ಮೊದಲ ಸಾಲುಗಳೂ ಕೊನೆಯವೂ ಪೂನಮ್ ಬರೆದವೇ. ನಡುವೆ ಮಾತ್ರ ಬೇರೆ ಕೋಡ್: ಎಳೆ ಹರಿದರೆ ಮೋಟಾರು ನಿಲ್ಲಿಸುವಂಥದ್ದು.

"ಹೊಸಾದು ಹೆಂಗ ಬರೀತಿ, ಭೀಮಶಿ?"

"ಖಾಲಿ ಫೈಲ್‌ನಾಗ್ರಿ."

"ನೀ ಲೈಬ್ರರಿಗೆ ಹೆಂಗ ಕಳಸ್ತಿ, ಪೂನಮ್?"

"ಈ ಕಂಪ್ಯೂಟರ್‌ನಾಗ ಬದಲಾದದ್ದೆಲ್ಲಾ ಸಂಜಿಗೆ ಒಮ್ಮೆಲೇ ಕಳಸ್ತೇನ್ರಿ. ತಗದು ನೋಡೂದಿಲ್ಲ."

ಅಕ್ಕೋರು ಕೆಳಗಿಳಿದು, ನಿಂತ ಮಗ್ಗವೊಂದರ ಮುಂದೆ ಬಹಳ ಹೊತ್ತು ನಿಂತರು. ಅಲ್ಲಿ ಆಳುಗಳು ಹಳೆಯ ಹಾಸಿನ, ಅಂದರೆ ಉದ್ದ ಎಳೆಗಳ, ತುದಿಗಳಿಗೆ ಹೊಸ ಎಳೆಗಳನ್ನು ಗಂಟು ಹಾಕುತ್ತಿದ್ದರು. ಮೇಲೆ ಬಂದು ಎಲ್ಲರನ್ನೂ ಕೂರಿಸಿದರು.

"ಕೆಡಸಾಂವ ಆಗಿದ್ರ ಎಲ್ಲಾ ಅಳಸ್ತಿದ್ದ. ಇಂವ ಎರಡೂ ತುದಿ ಉಳಿಸ್ಯಾನ. ಭೀಮಶಿ ಖಾಲಿ ಫೈಲ್‌ನಿಂದ ಶುರು ಮಾಡಾಂವ. ಪೂನಮ್‌ಗ ಆ ಫೋಲ್ಡರ್ ನಿಯಮ ಗೊತ್ತು. ಹಾಸು ಮುಗಿದ್ರ ಹಳೇ ಎಳಿ ಕಿತ್ತೊಗೀದ, ಅದರ ತುದಿಗೆ ಹೊಸಾದು ಕಟ್ಟಾಂವ ನೇಕಾರ. ಹೌದಲ್ರಿ ಲಗಮಪ್ಪ? ನೀವು ಬರದು ಸೇವ್ ಮಾಡಿಟ್ರಿ, ಮಗಳು ನೋಡದ ಕಳಿಸಿದ್ಲು."

ಲಗಮಪ್ಪ ನೆಲ ನೋಡಿದ. "ಅದರ ಮ್ಯಾಗ ಬರದ್ರೂ ಹಳೇದು ಒಳಗ ಇರತೈತಿ ಅಂದ್ಕೊಂಡಿದ್ನಿರಿ."

ಹಿಂದಿನ ಆವೃತ್ತಿಯಿಂದ ದೀಪದ ಉದಾಹರಣೆ ಮರಳಿತು. ಪೂನಮ್ ನಡೆದದ್ದನ್ನು ಬರೆದು ಕಳಿಸಿದಳು. ಹೊಣೆ ಅವಳಲ್ಲೇ ಉಳಿಯಿತು. ಸ್ವಂತ ಕೆಲಸದ ಕೋಡ್‌ಗೆ ಬೇರೆ ಫೋಲ್ಡರ್ ಆಯಿತು. ಭೀಮಶಿಯ ಪಂಪ್, ಲಗಮಪ್ಪನ ಮಗ್ಗ ಎರಡೂ ಅಲ್ಲಿ ಸೇರಿದವು.

"ಅಪ್ಪಾ, ನನಗೊಂದು ಮಾತು ಕೇಳಿದ್ರ ಏನಾಗತಿತ್ತು?"

"ಕೆಳಗ ಮಗ್ಗ ನಿಂತೈತಿ," ಎಂದು ಅವನು ಎದ್ದ.

ಮೆಟ್ಟಿಲಲ್ಲಿ ಅಕ್ಕೋರಿಗೂ ನನಗೂ ಅಷ್ಟೇ ಕೇಳುವಂತೆ, "ಪೂರಾ ಆದಮ್ಯಾಗ ಎಲ್ಲಾರಕಿಂತ ಮೊದಲ ಆಕಿಗೆ ತೋರಸ್ಬೇಕಂತ ಮಾಡಿದ್ನಿರಿ," ಎಂದ.

ಮಗಳಿಗೆ ಅದನ್ನು ಅವನು ಎಂದೂ ಹೇಳಲಿಲ್ಲ.