ಒಫೇಲಿಯಾಳ ಗಾಡಿಯ ಹೊಗೆ ಪಂಪು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು. ಕ್ಯಾಲಿಫೋರ್ನಿಯಾದ ಲಾ ಹಿಗೇರಾ ಠಾಣೆಗೆ ಒಫೇಲಿಯಾ ಬರ್ರಗಾನ್ ಬಂದು ದೂರು ಕೊಟ್ಟಳು. ತೀರಿಹೋದ ಗಂಡ ನಾಚೋನ ಎಂಬತ್ತಾರನೇ ಇಸವಿಯ ಪಿಕಪ್ ಗಾಡಿಯಿಂದ ಯಾರೋ ಹೊಗೆ ಪಂಪು ಕದ್ದಿದ್ದಾರೆ ಎಂದು.

"ಯಾವಾಗ ಗೊತ್ತಾಯ್ತು?" ಸಾರ್ಜೆಂಟ್ ಟೆರ್ಜಿಯಾನ್ ಕೇಳಿದ.

"ನಿನ್ನೆ ಹೊಗೆ ಪರೀಕ್ಷೆಗೆ ಒಯ್ದಿದ್ದೆ. ಅಲ್ಲಿಯ ಹುಡುಗ ಬಾನೆಟ್ ಎತ್ತಿದವನೇ, 'ಅಮ್ಮಾ, ಪಂಪೇ ಇಲ್ವಲ್ಲ' ಅಂದ. ಹೊಗೆ ಅಳೆಯೋದಕ್ಕೂ ಮುಂಚೆ ಫೇಲು!"

ಪರೀಕ್ಷೆಯ ಚೀಟಿ ಇಲ್ಲದೆ ಗಾಡಿ ಮಾರುವಂತಿಲ್ಲ. ಗಾಡಿ ಮಾರಿದ ಮರುದಿನವೇ ದೂರದ ಎಲ್ ಪಾಸೋದಲ್ಲಿರುವ ತಂಗಿಯ ಮನೆಗೆ ಹೋಗಿ ನೆಲೆಸುವುದಾಗಿ ಅವಳು ಊರಿಗೆಲ್ಲ ಸಾರಿಕೊಂಡು ಬಂದಿದ್ದಳು. ಗಂಡನ ಗಾಡಿಯನ್ನು ಬೀದಿಯಲ್ಲಿ ತುಕ್ಕು ಹಿಡಿಯಲು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಹನ್ನೊಂದು ಗಂಟೆಗೆ ಸ್ಥಳ ಮಹಜರು. ಕಾನ್‌ಸ್ಟೇಬಲ್ ಲೂಪೆ ಗಾಡಿಯಡಿಗೆ ನುಸುಳಿ, ನಗುತ್ತಲೇ ಹೊರಬಂದಳು.

"ಸಾರ್ಜೆಂಟ್, ಇವನೆಂಥಾ ಕಳ್ಳ ಮಾರಾಯ್ರೆ! ಕೆಳಗೆ ಹೊಗೆ ಸೋಸೋ ಕನ್ವರ್ಟರ್ ಹಾಗೇ ಇದೆ, ಅದರೊಳಗಿರೋದು ಬೆಲೆಬಾಳೋ ಲೋಹ. ಊರಿನ ಕಳ್ಳರೆಲ್ಲ ಜೊಲ್ಲು ಸುರಿಸೋದು ಅದಕ್ಕೆ. ಅದನ್ನ ಬಿಟ್ಟು, ಗುಜರಿಯವನೂ ಮೂಸದ ಪಂಪು ಹೊತ್ಕೊಂಡು ಹೋಗಿದ್ದಾನೆ."

ಟೆರ್ಜಿಯಾನ್ ಎಂಜಿನ್ ಮೇಲೆ ಬಗ್ಗಿದ. ಹೊಗೆ ಕೊಳವೆಗೆ ಗಾಳಿ ಊದುವ ಆ ಪಂಪು, ಅದರ ಬೆಲ್ಟು, ನಾಲ್ಕೈದು ಕೊಳವೆಗಳು, ಎಲ್ಲ ಮಾಯ. ಆದರೆ ಒಂದು ರಬ್ಬರನ್ನೂ ಕೊಯ್ದಿರಲಿಲ್ಲ. ಕೊಳವೆ ಕಳಚಿದ ತೂತುಗಳಿಗೆಲ್ಲ ಹಿತ್ತಾಳೆಯ ಬಿರಡೆ ತಿರುಗಿಸಿ ಬಿಗಿಮಾಡಲಾಗಿತ್ತು. ಪಂಪು ಕೂತಿದ್ದ ಜಾಗದಲ್ಲಿ ಬೋಲ್ಟುಗಳನ್ನು ಎಣ್ಣೆ ಸವರಿ ಮತ್ತೆ ಸ್ವಸ್ಥಾನಕ್ಕೆ ಸೇರಿಸಲಾಗಿತ್ತು. ಗಾಡಿಗೆ ಒಂದಿಷ್ಟೂ ನೋವಾಗಬಾರದು ಎಂದುಕೊಂಡವನ ಕೈಕೆಲಸ ಅದು. ಬಾಗಿಲಿನ ಬೀಗಕ್ಕೂ ಗೀರು ಬಿದ್ದಿರಲಿಲ್ಲ, ಗಾಡಿಯೊಳಗಿನ ಹಿಡಿಕೆ ಎಳೆಯದೆ ಬಾನೆಟ್ ತೆರೆಯದು.

"ಕೀಲಿ ಯಾರ್ಯಾರ ಹತ್ರ ಇದೆ?" ಟೆರ್ಜಿಯಾನ್ ಒಫೇಲಿಯಾಳನ್ನು ಕೇಳಿದ.

"ನನ್ನ ಹತ್ರ ಒಂದು. ಇನ್ನೊಂದು ಅಬುಂದಿಯೋ ಹತ್ರ."

"ಯಾರವರು?"

"ನಾಚೋನ ಗೆಳೆಯ. ಒಣದ್ರಾಕ್ಷಿ ಕಾರ್ಖಾನೆಗೆ ಇಬ್ಬರೂ ಇದೇ ಗಾಡೀಲಿ ಹೋಗ್ತಿದ್ರು. ಈಗ ಭಾನುವಾರ ಭಾನುವಾರ ಬಂದು ಎಂಜಿನ್ ಚಾಲೂ ಮಾಡ್ತಾನೆ, ಬ್ಯಾಟರಿ ಸಾಯಬಾರದು ಅಂತ. ಕಾಫಿ ಕುಡೀತಾನೆ, ಹೋಗ್ತಾನೆ. ಅವನ ಮೇಲೆ ಅನುಮಾನ ಪಟ್ರೆ ನಿಮ್ಮ ನಾಲಿಗೆ ಬಿದ್ದುಹೋಗುತ್ತೆ, ನೋಡಿ!"

ಹೇಳುವಾಗ ಅವಳ ಕಿವಿಗಳು ಕೆಂಪಾದವು. ಲೂಪೆ ಸಾರ್ಜೆಂಟನ ಮುಖ ನೋಡಿದಳು.

ಬುಧವಾರ ಮಧ್ಯಾಹ್ನ ಶೋಧ ವಾರಂಟ್ ಹಿಡಿದು ಅಬುಂದಿಯೋ ಕಿರೋಸ್‌ನ ಮನೆಗೆ ಹೋದರು. ಅರವತ್ತು ದಾಟಿದ ಒಂಟಿ ಮನುಷ್ಯ ವಾರಂಟನ್ನು ಓದಲೂ ಇಲ್ಲ. ನೇರ ಮಲಗುವ ಕೋಣೆಗೆ ನಡೆದು ಮಂಚದಡಿಯಿಂದ ಒಂದು ಗಂಟು ಎಳೆದ. ಒಗೆದು ಮಡಿಚಿದ ದುಪ್ಪಟಿಯೊಳಗೆ ಪಂಪು, ಬೆಲ್ಟು, ಕೊಳವೆಗಳು. ಎಲ್ಲ ಉಜ್ಜಿ ಒರೆಸಿ ಇಟ್ಟದ್ದು. ಸ್ಥಳದಲ್ಲೇ ಜಪ್ತಿ ಮಾಡಿದರು.

"ಯಾಕೆ ಬಿಚ್ಚಿದ್ರಿ?"

"ಪರೀಕ್ಷೇಲಿ ಫೇಲ್ ಆಗ್ಲಿ ಅಂತ."

"ಫೇಲ್ ಆದ್ರೆ?"

"ಗಾಡಿ ಮಾರೋಕಾಗಲ್ಲ. ಗಾಡಿ ಮಾರದೆ ಅವಳು ಹೋಗಲ್ಲ."

ಲೂಪೆ ತಡೆಯಲಾರದೆ ಕೇಳಿದಳು. "ನೀವೇ ಕೊಂಡ್ಕೋಬೋದಿತ್ತಲ್ಲ, ತಾತಾ?"

"ನಾನು ಕೊಂಡ್ರೂ ಮಾರಿದ ಹಾಗೇ ತಾನೇ, ಮಗಳೇ? ಗಾಡಿ ನನ್ನ ಅಂಗಳದಲ್ಲಿರುತ್ತೆ, ಅವಳು ಎಲ್ ಪಾಸೋದಲ್ಲಿರ್ತಾಳೆ."

"ಅವರಿಗೆ ಹೇಳಿದ್ರಾ?"

"ಏನಂತ ಹೇಳಲಿ? ಅವಳು ನಾಚೋನ ಹೆಂಡ್ತಿ." ಅಬುಂದಿಯೋ ಕೈ ಮುಂದೆ ಚಾಚಿದ. "ಭಾನುವಾರಕ್ಕೇ ಕಾಯ್ತಾ ವಾರ ಕಳೀತೀನಿ, ಸಾರ್ಜೆಂಟ್. ಆ ಭಾನುವಾರವೂ ಇಲ್ಲದ ಮೇಲೆ ನಾನೇನು ಮಾಡ್ಲಿ?"

ಟೆರ್ಜಿಯಾನ್ ನೋಟ್‌ಬುಕ್ ತೆಗೆದ. ಆದರೂ ಕಳವು ಕಳವೇ. ಎರಡೂಮುಕ್ಕಾಲಿಗೆ ದಸ್ತಗಿರಿ ಎಂದು ಬರೆದುಕೊಂಡ, ಕೋಳ ಮಾತ್ರ ಹಾಕಲಿಲ್ಲ.

ವಸ್ತು ಗುರುತಿಸಲು ಒಫೇಲಿಯಾಳನ್ನು ಸಂಜೆ ಠಾಣೆಗೆ ಕರೆಸಿದರು. ಲೂಪೆ ನಡೆದದ್ದನ್ನೆಲ್ಲ ಹೇಳಿದಳು. ಒಫೇಲಿಯಾ ಪಂಪನ್ನು ನೋಡಲಿಲ್ಲ, ದುಪ್ಪಟಿಯನ್ನೇ ಸವರುತ್ತ ಕೂತಳು.

"ದೂರು ವಾಪಸ್ ತಗೊಳ್ತೀರಾ, ಅಮ್ಮಾ?"

"ತಗೊಳ್ಳಲ್ಲ!" ಒಫೇಲಿಯಾಳ ದನಿ ಒಡೆಯಿತು. "ಎಲ್ ಪಾಸೋಗೆ ಹೋಗೋ ಆಸೆ ನನಗೆಲ್ಲಿತ್ತು? ತಂಗಿಯ ಗಂಡನ ಮುಖ ಕಂಡ್ರೇ ನನಗಾಗಲ್ಲ. ಎರಡು ವರ್ಷದಿಂದ, ಪ್ರತಿ ಭಾನುವಾರ, ಕಾಫಿ ಲೋಟ ಅವನ ಮುಂದಿಟ್ಟು 'ಹೋಗ್ತೀನಿ, ಹೋಗ್ತೀನಿ' ಅಂತಿದ್ದೀನಿ. ಹೋಗಬೇಡ ಅಂತ ಒಂದು ಮಾತು ಹೇಳ್ತಾನೇನೋ ಅಂತ. ಆ ದಡ್ಡ ಮನುಷ್ಯ ಲೋಟ ತೊಳೆದಿಟ್ಟು ಹೋಗೋನು."

ಟೆರ್ಜಿಯಾನ್ ಎದ್ದು, ಆರೋಪಿಯನ್ನು ಕೂರಿಸಿದ್ದ ಕೋಣೆಯ ಬಾಗಿಲು ತೆಗೆದ. ಒಫೇಲಿಯಾ ಹೊಸ್ತಿಲಲ್ಲಿ ನಿಂತಳು.

"ನಾಳೆ ಪಂಪು ಹಾಕಿಸಿ ಗಾಡಿ ಮಾರ್ತೀನಿ, ಅಬುಂದಿಯೋ," ಎಂದಳು. "ಈಗಲಾದರೂ ಏನಾದ್ರೂ ಹೇಳ್ತೀಯೋ ಇಲ್ವೋ?"